ಆಲ್ಬಂ ರೆಡಿ, ಬಿಡುಗಡೆ ಹೇಗೆ? ಕರಾವಳಿಯ ಹಾಡುಗಾರರಿಗೆ ಹಂತ ಹಂತದ ಮಾರ್ಗದರ್ಶಿ

"ಹಾಡು ರೆಕಾರ್ಡ್ ಆಗಿದೆ, ಮುಂದೇನು?" ಮಂಗಳೂರು, ಉಡುಪಿ ಕಡೆಯ ಹಾಡುಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಂಪನಿಯ ಬೆಂಬಲ ಇಲ್ಲದೆ, ಸ್ವಂತ ದುಡ್ಡು ಹಾಕಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಹಾಡುಗಳ ಆಲ್ಬಂ ಮಾಡುವವರು ಇಲ್ಲಿ ಕಡಿಮೆ ಏನಿಲ್ಲ. ಹೆಚ್ಚಿನವರು ಪ್ರಶ್ನೆಯ ಜೊತೆಗೇ ಒಂದು ದಿನಾಂಕವನ್ನೂ ಹೇಳಿಬಿಡುತ್ತಾರೆ: "ಮುಂದಿನ ಶುಕ್ರವಾರ ಬಿಡುಗಡೆ, ಹಾಲ್ ಬುಕ್ ಆಗಿದೆ." ತೊಂದರೆ ಶುರುವಾಗುವುದೇ ಅಲ್ಲಿ.

ಆಲ್ಬಂ ತಡವಾಗುವುದು ಸಂಗೀತದಿಂದ ಅಲ್ಲ. ಸಾಹಿತ್ಯ ಬರೆದವರ ಸಹಿ ಸಿಕ್ಕಿಲ್ಲ, ಗಾಯಕಿಯ ಹೆಸರಿನ ಅಕ್ಷರ ತಪ್ಪಿದೆ, ಮುಖಚಿತ್ರ ವಾಪಸ್ ಬಂದಿದೆ, ಟ್ರ್ಯಾಕ್ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಇಂಥದ್ದರಿಂದ ತಡವಾಗುತ್ತದೆ. ಹಾಗಾಗಿ ಈ ಲೇಖನದಲ್ಲಿ ದಿನಾಂಕ ಗೊತ್ತು ಮಾಡುವ ಕೆಲಸ ಎಂಟನೇ ಹಂತದಲ್ಲಿ ಬರುತ್ತದೆ. ಅದಕ್ಕಿಂತ ಮೊದಲು ಹಾಲ್ ಬುಕ್ ಮಾಡಬೇಡಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಪ್ಯಾನ್ ಕಾರ್ಡ್, ಅದೇ ಹೆಸರಿನ ಬ್ಯಾಂಕ್ ಖಾತೆ, ಆಲ್ಬಂಗೆಂದೇ ತೆರೆದ ಒಂದು ಇಮೇಲ್, ಒಂದು ಹಾರ್ಡ್ ಡಿಸ್ಕ್, ಅದರ ನಕಲು ಇಡಲು ಇನ್ನೊಂದು ಜಾಗ, ಮತ್ತೆ ಒಂದು ಸಾದಾ ನೋಟ್ ಪುಸ್ತಕ. ಇಮೇಲ್ ಬೇರೆಯೇ ಇರಲಿ. ತಂಡದ ಒಬ್ಬ ಹುಡುಗನ ಇಮೇಲ್‌ನಲ್ಲಿ ಎಲ್ಲಾ ಖಾತೆ ತೆರೆದು, ಅವನು ದುಬೈಗೆ ಹೋದ ಮೇಲೆ ಪಾಸ್‌ವರ್ಡ್ ಕೇಳಿಕೊಂಡು ಕೂರುವುದು ಬೇಡ.

ನೋಟ್ ಪುಸ್ತಕದಲ್ಲಿ ಪ್ರತಿ ಹಾಡಿಗೆ ಒಂದು ಪುಟ. ಸಾಹಿತ್ಯ ಯಾರದ್ದು, ಟ್ಯೂನ್ ಯಾರದ್ದು, ಹಾಡಿದ್ದು ಯಾರು, ಯಾರು ಏನು ನುಡಿಸಿದರು, ಎಲ್ಲಿ ಯಾವತ್ತು ರೆಕಾರ್ಡ್ ಆಯಿತು, ಯಾರಿಗೆ ಎಷ್ಟು ಕೊಟ್ಟಿರಿ. ಎಕ್ಸೆಲ್ ಬರುವವರು ಎಕ್ಸೆಲ್‌ನಲ್ಲೇ ಮಾಡಿ. ಮುಂದಿನ ಎಲ್ಲಾ ಹಂತಗಳಿಗೂ ಈ ಪುಟಗಳೇ ಬೇಕು.

ಎಷ್ಟು ಹಾಡಿದ್ದರೆ ಆಲ್ಬಂ ಅನ್ನುತ್ತಾರೆ? ಸಾಮಾನ್ಯವಾಗಿ 7 ಅಥವಾ ಅದಕ್ಕಿಂತ ಜಾಸ್ತಿ ಹಾಡು, ಇಲ್ಲವೇ 30 ನಿಮಿಷಕ್ಕಿಂತ ಜಾಸ್ತಿ ಅವಧಿ. 4ರಿಂದ 6 ಹಾಡು ಇದ್ದು 30 ನಿಮಿಷದೊಳಗೆ ಮುಗಿದರೆ ಅದು ಇಪಿ, ಅಂದರೆ ಚಿಕ್ಕ ಆಲ್ಬಂ. ಮೊದಲ ಸಲ ಮಾಡುವವರಿಗೆ ಇಪಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹತ್ತು ಹಾಡಲ್ಲಿ ನಾಲ್ಕು ಸುಮ್ನೆ ತುಂಬಿಸಿದ್ದು ಅಂತ ಕೇಳುವವರಿಗೆ ಗೊತ್ತಾಗಿಯೇ ಆಗುತ್ತದೆ.

ಹಂತ 1: ಹಾಡು ಯಾರದ್ದು ಅಂತ ಗೊತ್ತು ಮಾಡಿಕೊಳ್ಳಿ

ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯದ ಹಕ್ಕು ಬರೆದವರದ್ದು. ಟ್ಯೂನಿನ ಹಕ್ಕು ರಾಗ ಸಂಯೋಜಿಸಿದವರದ್ದು. ರೆಕಾರ್ಡ್ ಆದ ಧ್ವನಿಯ ಹಕ್ಕು ಅದನ್ನು ಮಾಡಿಸಿದ ನಿರ್ಮಾಪಕರದ್ದು. ಸ್ವಂತ ಆಲ್ಬಂ ಆದರೆ ಅದು ನೀವೇ. ಈ ಕೊನೆಯದನ್ನು ಮಾಸ್ಟರ್ ಹಕ್ಕು ಅನ್ನುತ್ತಾರೆ. ಇದರ ಮೇಲೆ ಹಾಡಿದವರಿಗೂ ನುಡಿಸಿದವರಿಗೂ ಕಲಾವಿದರ ಹಕ್ಕು ಅಂತ ಬೇರೆಯೇ ಇದೆ. "ಸ್ಟುಡಿಯೋಕ್ಕೆ ದುಡ್ಡು ಕೊಟ್ಟದ್ದು ನಾನು, ಹಾಗಾಗಿ ಹಾಡು ನನ್ನದು" ಅನ್ನುವ ಲೆಕ್ಕ ಅರ್ಧ ಮಾತ್ರ ಸರಿ.

ಹಳೆಯ ಕವಿತೆಗೆ ಹೊಸ ಟ್ಯೂನ್ ಹಾಕುವವರು ನಮ್ಮಲ್ಲಿ ಜಾಸ್ತಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕವಿ ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿಯಿಂದ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಕವಿತೆಗಳ ಹಕ್ಕು ಎಂದೋ ಮುಗಿದಿದೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಬದುಕಿನ ಕಾಲದಲ್ಲಿ ಅಚ್ಚಾದ ಕವಿತೆಗಳ ಹಕ್ಕು 2023ರ ಕೊನೆಗೆ ಮುಗಿಯಿತು. ಬೇಂದ್ರೆಯವರದ್ದು ಹಾಗಲ್ಲ. ಅವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಅನುಮತಿ ಬೇಕು. ಇನ್ನೊಂದು ವಿಷಯ ನೆನಪಿಡಿ. ಕವಿ ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಕವಿತೆಗೆ ಲೆಕ್ಕ ಅಚ್ಚಾದ ವರ್ಷದಿಂದ.

ದಾಸರ ಪದಗಳ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ಆದರೆ ನೀವು ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತ ಟ್ಯೂನ್ ಕಳೆದ ಐವತ್ತು ವರ್ಷದಲ್ಲಿ ಯಾರೋ ಹಾಕಿದ್ದಾಗಿರಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಗುರುಗಳನ್ನು ಕೇಳಿ, ಇದು ಪರಂಪರೆಯಿಂದ ಬಂದ ಟ್ಯೂನಾ, ಯಾರಾದರೂ ಹಾಕಿದ್ದಾ ಅಂತ. ಉತ್ತರ ಸಿಗದಿದ್ದರೆ ನಿಮ್ಮದೇ ಟ್ಯೂನ್ ಹಾಕಿ.

ಪಾಡ್ದನದ, ಅಂದರೆ ತುಳುವಿನ ಜನಪದ ಕಥನ ಹಾಡುಗಳ ಮಾತು ಸ್ವಲ್ಪ ಬೇರೆ. ಬಾಯಿಂದ ಬಾಯಿಗೆ ಬಂದದ್ದಕ್ಕೆ ಒಬ್ಬ ಮಾಲೀಕ ಇಲ್ಲ. ಆದರೆ ಯಾರೋ ಸಂಗ್ರಹಿಸಿ, ತಿದ್ದಿ, ಪುಸ್ತಕ ಮಾಡಿದ ಪಾಠವನ್ನು ಹಾಗೆಯೇ ಎತ್ತಿಕೊಂಡರೆ ಅವರನ್ನು ಕೇಳಬೇಕು. ಹಾಡಿದ ಅಜ್ಜಿಯ ಧ್ವನಿಯನ್ನೇ ಬಳಸಿದರೆ ಅವರ ಒಪ್ಪಿಗೆ, ಹೆಸರು, ಸಂಭಾವನೆ ಮೂರೂ ಬೇಕು. ದೈವದ ಪಾಡ್ದನವನ್ನು ಡ್ರಮ್ ಬೀಟಿನ ಮೇಲೆ ಕೂರಿಸುವ ಮೊದಲು ಆ ದೈವವನ್ನು ನಂಬುವವರ ಹತ್ತಿರ ಒಂದು ಮಾತು ಆಡಿ. ಕಾನೂನು ಬಿಟ್ಟರೂ ಊರು ಬಿಡುವುದಿಲ್ಲ.

ಇನ್ನು ಟ್ರ್ಯಾಕ್. ಹಿಂದಿನ ವಾದ್ಯ ಸಂಗೀತವನ್ನು ನಾವು ಟ್ರ್ಯಾಕ್ ಅನ್ನುತ್ತೇವಲ್ಲ, ಅದು ಎಲ್ಲಿಂದ ಬಂತು? ಯೂಟ್ಯೂಬ್‌ನಿಂದ ಇಳಿಸಿದ ಕರೋಕೆ ಆದರೆ ಅದರ ಮೇಲೆ ಹಾಡಿ ಬಿಡುಗಡೆ ಮಾಡುವಂತಿಲ್ಲ. ರಸಮಂಜರಿಯ ವೇದಿಕೆಯಲ್ಲಿ ನಡೆದದ್ದು ಆಲ್ಬಂನಲ್ಲಿ ನಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ಕೊಂಡ ಬೀಟ್, ಅಂದರೆ ರೆಡಿಮೇಡ್ ಟ್ರ್ಯಾಕ್ ಆದರೆ ಲೈಸೆನ್ಸ್ ಓದಿ. ಕಡಿಮೆ ಬೆಲೆಯದಕ್ಕೆ ಇಷ್ಟೇ ಸಲ ಕೇಳಿಸಬಹುದು ಎಂಬ ಮಿತಿ ಇರುತ್ತದೆ. ಎಐ ಸೇವೆಯಿಂದ ಮಾಡಿಸಿದ ಸಂಗೀತವಾದರೂ ಹಾಗೆಯೇ, ಉಚಿತ ಖಾತೆಯಲ್ಲಿ ಮಾಡಿದ್ದನ್ನು ದುಡ್ಡಿಗೆ ಬಳಸಲು ಕೆಲವು ಸೇವೆಗಳು ಬಿಡುವುದಿಲ್ಲ.

ಸಿನಿಮಾ ಹಾಡನ್ನು ಮತ್ತೆ ಹಾಡಿ ಹಾಕಬಹುದಾ? ಕಾಯ್ದೆಯ 31ಸಿ ಕಲಂನಲ್ಲಿ ಅವಕಾಶ ಇದೆ. ಆದರೆ ಮೂಲ ಹಾಡು ರೆಕಾರ್ಡ್ ಆದ ವರ್ಷ ಮುಗಿದು 5 ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ಕನಿಷ್ಠ 50,000 ಪ್ರತಿಗಳ ರಾಯಲ್ಟಿಯನ್ನು ಮುಂಗಡ ಕಟ್ಟಬೇಕು. ರಾಯಲ್ಟಿ ಅಂದರೆ ಹಾಡು ಬಳಕೆಯಾದಾಗ ಹಕ್ಕುದಾರರಿಗೆ ಹೋಗುವ ಪಾಲು. ಮೊದಲ ಆಲ್ಬಂಗೆ ಈ ರಗಳೆ ಬೇಡ.

ಹಂತ 2: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ

"ಅವರು ನಮ್ಮವರೇ, ಸಹಿ ಗಿಹಿ ಯಾಕೆ?" ಅನ್ನುವ ಮಾತು ತುಂಬಾ ಕೇಳಿದ್ದೇನೆ. ನಮ್ಮವರಾಗಿದ್ದಾಗಲೇ ಸಹಿ ಹಾಕಿಸುವುದು ಸುಲಭ. ಹಾಡು ಓಡಲು ಶುರುವಾದ ಮೇಲೆ ಕೇಳಿದರೆ ಮುಖ ಸಣ್ಣದಾಗುತ್ತದೆ.

ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಕೊಡುವವರ ಸಹಿ ಇರಬೇಕು. ದುಡ್ಡು ಕೊಟ್ಟ ಮಾತ್ರಕ್ಕೆ ಸಾಹಿತ್ಯ, ಟ್ಯೂನ್ ನಿಮ್ಮದಾಗುವುದಿಲ್ಲ. ಪತ್ರದಲ್ಲಿ ಹಾಡಿನ ಹೆಸರು, ಅವರು ಮಾಡಿದ ಕೆಲಸ, ಯಾವ ಹಕ್ಕು ಕೊಡುತ್ತಿದ್ದಾರೆ, ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ, ಎಷ್ಟು ಹಣಕ್ಕೆ ಅಥವಾ ಎಷ್ಟು ಪಾಲಿಗೆ ಅಂತ ಬರೆಯಿರಿ. ಹೆಸರನ್ನು ಹೇಗೆ ಹಾಕಬೇಕು ಎಂಬುದನ್ನು ಅವರ ಕೈಯಿಂದಲೇ ಬರೆಸಿ.

ಅವಧಿ ಬರೆಯದೆ ಬಿಟ್ಟರೆ ಕಾನೂನು ಅದನ್ನು 5 ವರ್ಷ ಅಂತ ಹಿಡಿಯುತ್ತದೆ. ದೇಶ ಬರೆಯದೆ ಬಿಟ್ಟರೆ ಭಾರತಕ್ಕೆ ಮಾತ್ರ. ತುಳು, ಕೊಂಕಣಿ ಹಾಡು ಕೇಳುವವರಲ್ಲಿ ಗಲ್ಫ್‌ನಲ್ಲಿ ಇರುವವರು ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. ಹಾಗಾಗಿ "ಪ್ರಪಂಚದಾದ್ಯಂತ" ಎಂಬ ಒಂದು ಪದ ಪತ್ರದಲ್ಲಿ ಇರಲೇಬೇಕು.

ಸಾಹಿತಿ ಮತ್ತು ಸಂಯೋಜಕರಿಗೆ ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಪಾಲು ಕೇಳುವ ಹಕ್ಕನ್ನು 2012ರ ತಿದ್ದುಪಡಿ ಉಳಿಸಿದೆ. "ಮುಂದೆ ಏನೂ ಕೇಳುವುದಿಲ್ಲ" ಅಂತ ಅವರಿಂದ ಬರೆಸಿಕೊಂಡು ನಿಶ್ಚಿಂತೆಯಿಂದ ಇರಬೇಡಿ. ತಬಲಾ, ಕೊಳಲು, ಕೀಬೋರ್ಡ್‌ನವರಿಗೆ ಒಂದು ಪುಟದ ಚಿಕ್ಕ ಪತ್ರ ಸಾಕು: ಇಷ್ಟು ಸಂಭಾವನೆ ಸಿಕ್ಕಿದೆ, ಈ ರೆಕಾರ್ಡಿಂಗ್ ಬಿಡುಗಡೆಗೆ ಒಪ್ಪಿಗೆ ಇದೆ ಅಂತ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹೆಬ್ಬೆರಳಿನ ಚಿತ್ರ ಸಹಿ ಅಲ್ಲ. ದೊಡ್ಡ ಮೊತ್ತ ಇದ್ದರೆ ಇ-ಸ್ಟ್ಯಾಂಪ್ ಕಾಗದದ ಮೇಲೆ ವಕೀಲರಿಂದ ಬರೆಸಿ.

ಕೃತಿಸ್ವಾಮ್ಯ ನೋಂದಣಿ ಕಡ್ಡಾಯ ಅಲ್ಲ. ಹಾಡು ರಚನೆಯಾದಾಗಲೇ ಹಕ್ಕು ಹುಟ್ಟುತ್ತದೆ. ಜಗಳ ಬಂದರೆ ದಾಖಲೆ ಇರಲಿ ಅನ್ನುವವರು ನೋಂದಣಿ ಮಾಡಿಸಬಹುದು. ಸಾಹಿತ್ಯ ಅಥವಾ ಟ್ಯೂನಿಗೆ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಸರಕಾರಿ ಶುಲ್ಕ.

ಹಂತ 3: ರೆಕಾರ್ಡಿಂಗ್ ಬಾಕಿ ಇದ್ದರೆ ಪಂಚಾಂಗ ನೋಡಿ

ಬೆಂಗಳೂರಿನವರಿಗೆ ಈ ಹಂತ ಬೇಡ. ನಮಗೆ ಬೇಕು. ದೀಪಾವಳಿ ಕಳೆದ ಮೇಲೆ ಪತ್ತನಾಜೆಯವರೆಗೆ, ಅಂದರೆ ತುಳುನಾಡಿನಲ್ಲಿ ಆಟ, ನೇಮಗಳ ಋತು ಮುಗಿಯುವ ದಿನದವರೆಗೆ, ಇಲ್ಲಿನ ಕಲಾವಿದರು ಕೈಗೆ ಸಿಗುವುದಿಲ್ಲ. ಯಕ್ಷಗಾನ ಮೇಳದ ತಿರುಗಾಟ, ದೈವಗಳ ನೇಮ, ದೇವಸ್ಥಾನದ ಬ್ರಹ್ಮಕಲಶ, ಮದುವೆ, ಆರ್ಕೆಸ್ಟ್ರಾ, ಒಂದರ ಹಿಂದೆ ಒಂದು. ಮೇ 24ರ ಹೊತ್ತಿಗೆ ಪತ್ತನಾಜೆ ಕಳೆದು ಎಲ್ಲರೂ ಬಿಡುವಾಗುತ್ತಾರೆ ಅನ್ನುವಾಗ ಮಳೆ ಶುರು. ಆಟಿ ತಿಂಗಳಲ್ಲಂತೂ (ಜುಲೈ-ಆಗಸ್ಟ್) ಮದುವೆ ಇಲ್ಲ, ಕಾರ್ಯಕ್ರಮ ಇಲ್ಲ, ಎಲ್ಲರೂ ಮನೆಯಲ್ಲೇ. ಆದರೆ ಹೊರಗೆ ಸದ್ದು ನಿಲ್ಲುವುದಿಲ್ಲ.

ಮನೆಯಲ್ಲೇ ರೆಕಾರ್ಡ್ ಮಾಡುವವರು ಶೀಟಿನ ಮಾಡಿನ ಕೆಳಗೆ ಜುಲೈಯಲ್ಲಿ ಮೈಕ್ ಇಡಬೇಡಿ. ಹಂಚಿನ ಮಾಡು ಸ್ವಲ್ಪ ವಾಸಿ, ಅಷ್ಟೇ. ಮಳೆ ನಿಂತ ರಾತ್ರಿ ಕಪ್ಪೆ, ಜೀರುಂಡೆ ಶುರು ಮಾಡುತ್ತವೆ, ಆ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ತೆಗೆಯಲು ಹೋದರೆ ಧ್ವನಿಯೇ ತಗಡಿನ ಹಾಗಾಗುತ್ತದೆ. ತಬಲಾ, ಮೃದಂಗ, ಚೆಂಡೆಯ ಚರ್ಮ ತೇವಕ್ಕೆ ಸಡಿಲಾಗಿ ಶ್ರುತಿ ನಿಲ್ಲುವುದಿಲ್ಲ. ಕಂಡೆನ್ಸರ್ ಮೈಕ್, ಅಂದರೆ ಸ್ಟುಡಿಯೋದ ಸೂಕ್ಷ್ಮ ಮೈಕ್, ತೇವ ಹಿಡಿದರೆ ಚಟಪಟ ಸದ್ದು ಮಾಡುತ್ತದೆ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ನನ್ನ ಸಲಹೆ ಇಷ್ಟು. ಆಟಿಯಲ್ಲಿ ಕಲಾವಿದರನ್ನು ಒಳ್ಳೆಯ ಸ್ಟುಡಿಯೋಕ್ಕೆ ಕರೆದು ವಾದ್ಯಗಳನ್ನು ಮುಗಿಸಿ. ಗಾಯನವನ್ನು ಬೇಕಾದರೆ ಮಳೆ ಇಳಿದ ಮೇಲೆ ಮನೆಯಲ್ಲಿ ಮಾಡಿಕೊಳ್ಳಿ. ಗಾಳಿ ಮಳೆಗೆ ಕರೆಂಟ್ ಹೋಗಿ ಹೋಗಿ ಬರುತ್ತದೆ, ಯುಪಿಎಸ್ ಇಲ್ಲದೆ ಕಂಪ್ಯೂಟರ್ ಆನ್ ಮಾಡಬೇಡಿ.

ಹಂತ 4: ಮಿಕ್ಸ್, ಮಾಸ್ಟರ್, ಫೈಲ್

ಮಿಕ್ಸ್ ಅಂದರೆ ಹಾಡಿನೊಳಗಿನ ವಾದ್ಯ, ಗಾಯನಗಳ ಪ್ರಮಾಣ ಹೊಂದಿಸುವುದು. ಮಾಸ್ಟರಿಂಗ್ ಅಂದರೆ ಮುಗಿದ ಹಾಡುಗಳೆಲ್ಲ ಒಂದೇ ಆಲ್ಬಂನವು ಅನ್ನಿಸುವಂತೆ ಕೊನೆಯ ಹದ ಕೊಡುವುದು. ಎರಡನ್ನೂ ಒಬ್ಬರೇ ಮಾಡಬಹುದು. ಆದರೆ ತಿಂಗಳುಗಟ್ಟಲೆ ಅದೇ ಹಾಡು ಕೇಳಿದ ಕಿವಿಗೆ ತಪ್ಪು ಕೇಳಿಸುವುದಿಲ್ಲ. ಮಾಸ್ಟರಿಂಗ್ ಬೇರೆಯವರಿಗೆ ಕೊಡಿ.

"ಜೋರು ಮಾಡಿ ಕೊಡಿ" ಅಂತ ಸೌಂಡ್ ಇಂಜಿನಿಯರಿಗೆ ಹೇಳುವುದು ಎಲ್ಲರ ಅಭ್ಯಾಸ. ಇದರಿಂದ ಲಾಭ ಇಲ್ಲ. ಸ್ಟ್ರೀಮಿಂಗ್ ಸೇವೆಗಳು, ಅಂದರೆ ಇಂಟರ್ನೆಟ್‌ನಲ್ಲಿ ಹಾಡು ಕೇಳಿಸುವ ಆ್ಯಪ್‌ಗಳು, ಎಲ್ಲಾ ಹಾಡುಗಳ ಜೋರನ್ನು ಒಂದೇ ಮಟ್ಟಕ್ಕೆ ತರುತ್ತವೆ. ಈ ಜೋರನ್ನು ಅಳೆಯುವ ಲೆಕ್ಕಕ್ಕೆ ಲಫ್ಸ್ ಅನ್ನುತ್ತಾರೆ. ಸ್ಪಾಟಿಫೈ ಮೈನಸ್ 14 ಲಫ್ಸ್, ಆ್ಯಪಲ್ ಮ್ಯೂಸಿಕ್ ಮೈನಸ್ 16ರ ಸುತ್ತ ಇಡುತ್ತದೆ. ನೀವು ಅದಕ್ಕಿಂತ ಜೋರು ಕೊಟ್ಟರೆ ಅವರು ತಗ್ಗಿಸುತ್ತಾರೆ, ಹಾಡಿನ ಉಸಿರು ಮಾತ್ರ ಹೋಗಿರುತ್ತದೆ. ಅತಿ ಎತ್ತರದ ಸದ್ದು ಮೈನಸ್ 1 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಲು ಹೇಳಿ.

ಮುಗಿದ ಹಾಡನ್ನು ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಮಾತ್ರ ಕೇಳಿ ಖುಷಿಪಡಬೇಡಿ. ಅಗ್ಗದ ಇಯರ್‌ಫೋನ್, ಫೋನಿನ ಸ್ಪೀಕರ್, ಕಾರು, ಎಲ್ಲದರಲ್ಲೂ ಕೇಳಿ. ಪರಿಚಯದ ಬಸ್ಸಿನವರಿದ್ದರೆ ಒಂದು ಟ್ರಿಪ್‌ನಲ್ಲಿ ಹಾಕಿಸಿ ನೋಡಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಸುರತ್ಕಲ್ ಮುಟ್ಟುವುದರೊಳಗೆ ಗಾಯಕರ ಮಾತು ಸ್ಪಷ್ಟವಾಗಿ ಕೇಳಿಸಿತಾ ಇಲ್ಲವಾ ಅಂತ ಗೊತ್ತಾಗುತ್ತದೆ.

ಸ್ಟುಡಿಯೋದಿಂದ ಹೊರಡುವಾಗ ಇಷ್ಟನ್ನು ಕೇಳಿ ಪಡೆಯಿರಿ. ಪ್ರತಿ ಹಾಡಿನ ವೇವ್ ಫೈಲ್, ಅಂದರೆ ಎಂಪಿ3ಯಂತೆ ಕುಗ್ಗಿಸದ ಫೈಲ್, ಕನಿಷ್ಠ 44.1 ಕಿಲೋಹರ್ಟ್ಸ್ 16 ಬಿಟ್, ಆದರೆ 24 ಬಿಟ್ ಒಳ್ಳೆಯದು. ಗಾಯನ ಇಲ್ಲದ ಟ್ರ್ಯಾಕ್. ಪ್ರತಿ ವಾದ್ಯದ ಬೇರೆ ಬೇರೆ ಫೈಲ್, ಇದಕ್ಕೆ ಸ್ಟೆಮ್ ಅನ್ನುತ್ತಾರೆ. ಎಂಪಿ3 ಕೊಟ್ಟು ಕಳಿಸಿದರೆ ತೆಗೆದುಕೊಳ್ಳಬೇಡಿ. ಗಾಯನ ಇಲ್ಲದ ಟ್ರ್ಯಾಕ್ ನಮ್ಮ ಊರಿನಲ್ಲಿ ತುಂಬಾ ಉಪಯೋಗ. ಕಾಲೇಜಿನ ಮಕ್ಕಳು ಸ್ಪರ್ಧೆಗೆ, ರಸಮಂಜರಿಯವರು ವೇದಿಕೆಗೆ ಕೇಳಿಕೊಂಡು ಬರುತ್ತಾರೆ. ಹಾಡು ಹಬ್ಬುವುದು ಹಾಗೆಯೇ.

ಹಂತ 5: ಹೆಸರುಗಳು

ಚಿಕ್ಕ ಕೆಲಸ ಅನ್ನಿಸುತ್ತದೆ, ಆದರೆ ಬಿಡುಗಡೆಯಾದ ಮೇಲೆ ಜಾಸ್ತಿ ತಲೆನೋವು ಇದರದ್ದೇ. ಹಾಡಿನ ಜೊತೆ ಹೋಗುವ ಮಾಹಿತಿಗೆ ಮೆಟಾಡೇಟಾ ಅನ್ನುತ್ತಾರೆ. ಶೀರ್ಷಿಕೆ, ಗಾಯಕರು, ಸಾಹಿತಿ, ಸಂಯೋಜಕರು, ಭಾಷೆ, ವರ್ಷ, ಹಕ್ಕುದಾರರು, ಎಲ್ಲವೂ ಅದರಲ್ಲಿ.

ಮೊದಲು ನಿಮ್ಮ ಹೆಸರನ್ನೇ ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್‌ನಲ್ಲಿ ಹುಡುಕಿ. ಪ್ರಸಾದ್ ಶೆಟ್ಟಿ, ಸಂದೀಪ್ ಪೂಜಾರಿ, ಗಣೇಶ್ ಭಟ್ ಎಷ್ಟು ಜನ ಇರಬಹುದು ಅಂತ ಹೇಳಬೇಕಾಗಿಲ್ಲ ಅಲ್ವಾ? ಒಂದೇ ಹೆಸರಿದ್ದರೆ ನಿಮ್ಮ ಹಾಡು ಇನ್ನೊಬ್ಬರ ಪುಟಕ್ಕೆ ಹೋಗಿ ಕೂರುತ್ತದೆ. ಪರಿಹಾರ ನಮ್ಮ ಕೈಯಲ್ಲೇ ಇದೆ, ಊರಿನ ಹೆಸರು ಸೇರಿಸುವ ರೂಢಿ. ಕಟೀಲು, ಕಾರ್ಕಳ, ಕಿನ್ನಿಗೋಳಿ, ಬೈಂದೂರು ಯಾವುದೋ ಒಂದು ಹೆಸರಿನ ಹಿಂದೆಯೋ ಮುಂದೆಯೋ ಇರಲಿ. ಒಮ್ಮೆ ಇಟ್ಟ ಮೇಲೆ ಬದಲಿಸಬೇಡಿ.

ಇಂಗ್ಲಿಷ್ ಅಕ್ಷರದ ವಿಷಯ ಇನ್ನೂ ಕಷ್ಟ. ಡಿಸೋಜ ಎಂಬ ಒಂದು ಹೆಸರನ್ನು ಮೇಲಿನ ಚುಕ್ಕೆ ಹಾಕಿ, ಹಾಕದೆ, ನಡುವೆ ಜಾಗ ಬಿಟ್ಟು, ಬಿಡದೆ, ನಾಲ್ಕು ತರ ಬರೆಯುತ್ತಾರೆ. ಯಂತ್ರಕ್ಕೆ ಅದು ನಾಲ್ಕು ಬೇರೆ ಬೇರೆ ಕಲಾವಿದರು. ಇನಿಶಿಯಲ್‌ನ ಚುಕ್ಕೆಯೂ ಹಾಗೆಯೇ. ಒಪ್ಪಿಗೆ ಪತ್ರದಲ್ಲಿ ಅವರೇ ಬರೆದುಕೊಟ್ಟದ್ದನ್ನು ಅಕ್ಷರ ಬಿಡದೆ ಎಲ್ಲಾ ಹಾಡಿಗೂ ಹಾಕಿ.

ಶೀರ್ಷಿಕೆ ಕನ್ನಡ ಲಿಪಿಯಲ್ಲಾ, ಇಂಗ್ಲಿಷ್ ಅಕ್ಷರದಲ್ಲಾ? ಜನ ಹೇಗೆ ಟೈಪ್ ಮಾಡಿ ಹುಡುಕುತ್ತಾರೋ ಹಾಗೆ. ಹೆಚ್ಚಿನ ಕೇಳುಗರು ಈಗಲೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಯೂಟ್ಯೂಬ್‌ನಲ್ಲಿ ಎರಡೂ ಹಾಕಬಹುದು. ತುಳು ಲಿಪಿಯನ್ನು 2024ರಲ್ಲಿ ಯೂನಿಕೋಡ್‌ಗೆ ಸೇರಿಸಿದ್ದಾರೆ, ಆದರೆ ಎಲ್ಲರ ಫೋನಿನಲ್ಲಿ ಫಾಂಟ್ ಇಲ್ಲ. ಶೀರ್ಷಿಕೆಯಲ್ಲಿ ಹಾಕಿದರೆ ಬರೀ ಚೌಕಗಳು ಕಾಣುತ್ತವೆ. ಭಾಷೆಯ ಪಟ್ಟಿಯಲ್ಲಿ ತುಳು ಕಾಣದಿದ್ದರೆ ಸುಮ್ನೆ ಹಿಂದಿಯನ್ನೋ ಇಂಗ್ಲಿಷನ್ನೋ ಒತ್ತಿಬಿಡಬೇಡಿ. ವಿತರಕರಿಗೆ, ಅಂದರೆ ನಿಮ್ಮ ಹಾಡನ್ನು ಆ್ಯಪ್‌ಗಳಿಗೆ ಮುಟ್ಟಿಸುವವರಿಗೆ (ಹಂತ 7), ಒಂದು ಇಮೇಲ್ ಹಾಕಿ ಕೇಳಿ. ತಪ್ಪು ಭಾಷೆ ಕೊಟ್ಟರೆ ಹಾಡು ತಪ್ಪು ಜನರಿಗೆ ಹೋಗುತ್ತದೆ.

ಇನ್ನು ಎರಡು ನಂಬರ್. ಐಎಸ್‌ಆರ್‌ಸಿ ಎಂಬುದು ಪ್ರತಿ ರೆಕಾರ್ಡಿಂಗ್‌ನ 12 ಅಕ್ಷರದ ಗುರುತು. ಯುಪಿಸಿ ಇಡೀ ಆಲ್ಬಂನ ಗುರುತು. ಎರಡನ್ನೂ ವಿತರಕರು ಕೊಡುತ್ತಾರೆ. ಒಂದು ಹಾಡನ್ನು ಮೊದಲು ಸಿಂಗಲ್, ಅಂದರೆ ಒಂಟಿ ಹಾಡು ಆಗಿ ಬಿಟ್ಟು ಆಮೇಲೆ ಆಲ್ಬಂಗೆ ಸೇರಿಸುವಾಗ ಅದೇ ಹಳೆಯ ಐಎಸ್‌ಆರ್‌ಸಿ ಹಾಕಿ. ಹೊಸದು ತೆಗೆದುಕೊಂಡರೆ ಕೇಳಿದವರ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ.

ಹಂತ 6: ಮುಖಚಿತ್ರ

ಚೌಕ ಚಿತ್ರ, 3000 ಗುಣಿಸು 3000 ಪಿಕ್ಸೆಲ್. ಅದರಲ್ಲಿ ಫೋನ್ ನಂಬರ್, ವೆಬ್ ವಿಳಾಸ, ಬೆಲೆ, ಸ್ಪಾಟಿಫೈ ಲೋಗೋ ಇರಬಾರದು. ಪ್ರಾಯೋಜಕರ ಜ್ಯುವೆಲ್ಲರಿ ಅಂಗಡಿಯ ಲೋಗೋವೂ ಬೇಡ, ಅದನ್ನು ಸಮಾರಂಭದ ಬ್ಯಾನರ್‌ಗೆ ಹಾಕಿ. ಚಿತ್ರದಲ್ಲಿ ಬರೆದ ಹೆಸರು ಮೆಟಾಡೇಟಾದ ಹೆಸರಿಗೆ ಹೊಂದಬೇಕು. ಗೂಗಲ್‌ನಿಂದ ಎತ್ತಿದ ಮಲ್ಪೆ ಬೀಚಿನ ಫೋಟೋ ಯಾರದ್ದೋ ಸ್ವತ್ತು, ಒಂದು ಸಂಜೆ ಹೋಗಿ ನೀವೇ ತೆಗೆದುಕೊಳ್ಳಿ.

ಹಂತ 7: ವಿತರಕರನ್ನು ಆರಿಸಿ

ನೀವೇ ನೇರವಾಗಿ ಸ್ಪಾಟಿಫೈ ಅಥವಾ ಆ್ಯಪಲ್‌ಗೆ ಹಾಡು ಹಾಕಲು ಆಗುವುದಿಲ್ಲ. ನಡುವೆ ಡಿಸ್ಟ್ರಿಬ್ಯೂಟರ್, ಅಂದರೆ ವಿತರಕ ಬೇಕು. ಲೆಕ್ಕ ಎರಡು ತರ. ಡಿಸ್ಟ್ರೋಕಿಡ್‌ನಂಥವರು ವರ್ಷ ವರ್ಷ ಶುಲ್ಕ ತೆಗೆದುಕೊಂಡು ರಾಯಲ್ಟಿ ನಿಮಗೇ ಬಿಡುತ್ತಾರೆ. ರೂಟ್‌ನೋಟ್‌ನಂಥವರು ಉಚಿತವಾಗಿ ಹಾಕಿ ಬಂದದ್ದರಲ್ಲಿ ಪಾಲು ಹಿಡಿಯುತ್ತಾರೆ. ವರ್ಷದ ಶುಲ್ಕದವರಲ್ಲಿ ಒಂದು ಅಪಾಯ ಇದೆ. ಶುಲ್ಕ ಕಟ್ಟುವುದು ನಿಂತರೆ ಹಾಡು ಇಳಿಸಿಬಿಡಬಹುದು. ವರ್ಷಕ್ಕೊಂದು ಆಲ್ಬಂ ಮಾಡುವ ಉದ್ದೇಶ ಇಲ್ಲದವರಿಗೆ ಪಾಲಿನ ಲೆಕ್ಕವೇ ವಾಸಿ.

ಜಿಯೋಸಾವನ್, ಗಾನಾ ಅವರ ಪಟ್ಟಿಯಲ್ಲಿ ಇದೆಯಾ, ಕಾಲರ್ ಟ್ಯೂನ್ ಮಾಡಿಸಿ ಕೊಡುತ್ತಾರಾ, ಭಾರತದ ಬ್ಯಾಂಕಿಗೆ ದುಡ್ಡು ಹೇಗೆ ಬರುತ್ತದೆ, ಬಿಟ್ಟು ಹೋಗುವಾಗ ಐಎಸ್‌ಆರ್‌ಸಿ ಜೊತೆಗೆ ಒಯ್ಯಬಹುದಾ, ಇಷ್ಟನ್ನು ಮೊದಲೇ ನೋಡಿ. ನಮ್ಮ ಕಡೆ ಕಾಲರ್ ಟ್ಯೂನನ್ನು ಕಡೆಗಣಿಸಬೇಡಿ. ಭಕ್ತಿಗೀತೆಯಾದರಂತೂ ಜನ ಮೊದಲು ಕೇಳುವುದು ಅದನ್ನೇ.

ಅಮೆರಿಕದ ವಿತರಕರಾದರೆ ಡಬ್ಲ್ಯು-8ಬೆನ್ ಎಂಬ ತೆರಿಗೆ ಫಾರಂ ತುಂಬಿಸುತ್ತಾರೆ. ಅಮೆರಿಕದವನಲ್ಲ ಅಂತ ಹೇಳುವ ಪತ್ರ ಅದು. ತೆರಿಗೆ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಹಾಕಿ, ಭಾರತದ ಜೊತೆಗಿನ ತೆರಿಗೆ ಒಪ್ಪಂದವನ್ನು ಆರಿಸಿ. ಆಗ ಅಲ್ಲಿ ಹುಟ್ಟಿದ ರಾಯಲ್ಟಿಗೆ 15% ಹಿಡಿಯುತ್ತಾರೆ, ಇಲ್ಲದಿದ್ದರೆ 30%.

ಸ್ಥಳೀಯ ಯೂಟ್ಯೂಬ್ ಚಾನೆಲ್‌ನವರು ಬಂದು "ನಮ್ಮ ಚಾನೆಲ್‌ನಲ್ಲಿ ಬಿಡುಗಡೆ ಮಾಡಿ, ವ್ಯೂ ಜಾಸ್ತಿ ಬರುತ್ತದೆ" ಅನ್ನಬಹುದು. ಬರಲೂಬಹುದು. ಆದರೆ ಅವರ ಕಾಗದದಲ್ಲಿ ಮಾಸ್ಟರ್ ಹಕ್ಕು ಪೂರ್ತಿ ಅವರಿಗೆ ಅಂತ ಬರೆದಿದ್ದರೆ ಸಹಿ ಹಾಕಬೇಡಿ. ವಿಡಿಯೋಗೆ ಮಾತ್ರ, ಎರಡು ಮೂರು ವರ್ಷಕ್ಕೆ ಮಾತ್ರ ಅಂತ ಬರೆಸಿ.

ಯೂಟ್ಯೂಬ್‌ನ ಕಂಟೆಂಟ್ ಐಡಿ ಎಂಬ ಆಯ್ಕೆಯನ್ನು ಯೋಚಿಸಿ ಒತ್ತಿ. ನಿಮ್ಮ ಹಾಡು ಬೇರೆಯವರ ವಿಡಿಯೋದಲ್ಲಿ ಕೇಳಿಸಿದರೆ ಅದು ಹಿಡಿಯುತ್ತದೆ. ಹಾಡಿನಲ್ಲಿ ಎಲ್ಲರಿಗೂ ಸಿಗುವ ರೆಡಿಮೇಡ್ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕು ಬಳಸಿದ್ದರೆ ಇದನ್ನು ಹಾಕುವಂತಿಲ್ಲ, ಅದೇ ಲೂಪ್ ಬಳಸಿದ ಇನ್ನೊಬ್ಬರ ಹಾಡಿಗೂ ನಿಮ್ಮ ಹೆಸರಲ್ಲಿ ದೂರು ಹೋಗುತ್ತದೆ. ನಿಮ್ಮದೇ ಚಾನೆಲ್ಲನ್ನು ವಿನಾಯಿತಿ ಪಟ್ಟಿಗೆ ಸೇರಿಸಲೂ ಮರೆಯಬೇಡಿ.

ಹಂತ 8: ಈಗ ದಿನಾಂಕ

ಎಲ್ಲಾ ಸಹಿ, ಫೈಲ್, ಹೆಸರು, ಚಿತ್ರ ಕೈಯಲ್ಲಿದ್ದರೆ ಮಾತ್ರ ಈ ಹಂತಕ್ಕೆ ಬನ್ನಿ. ಇವತ್ತಿನಿಂದ ಕನಿಷ್ಠ ನಾಲ್ಕರಿಂದ ಆರು ವಾರ ಮುಂದಿನ ಶುಕ್ರವಾರ ಆರಿಸಿ. 2015ರಿಂದ ಪ್ರಪಂಚದಾದ್ಯಂತ ಹೊಸ ಹಾಡುಗಳ ದಿನ ಶುಕ್ರವಾರ. ಆದರೆ ಹಬ್ಬದ ಹಾಡಿಗೆ ಹಬ್ಬವೇ ಮುಖ್ಯ. ಮೊಂತಿ ಫೆಸ್ತ್‌ನ, ಅಂದರೆ ಕರಾವಳಿಯ ಕ್ರೈಸ್ತರ ತೆನೆ ಹಬ್ಬದ ಕೊಂಕಣಿ ಹಾಡು ಸೆಪ್ಟೆಂಬರ್ 8ರಂದು ಬಂದರೆ ತಡ, ಆಗಸ್ಟ್ ಕೊನೆಗೇ ಬರಬೇಕು. ಮಕ್ಕಳು ಹೂವು ಕೊಯ್ಯುವ ಒಂಬತ್ತು ದಿನ ಅದನ್ನು ಕೇಳುತ್ತಾರೆ. ಕೃಷ್ಣನ ಹಾಡು ಅಷ್ಟಮಿಗೆ ಎರಡು ವಾರ ಮೊದಲು, ದೇವಿಯ ಹಾಡು ನವರಾತ್ರಿಗೆ ಮೊದಲು. ಭಜನಾ ಮಂಡಳಿಯವರಿಗೆ ಕಲಿಯಲು ಸಮಯ ಸಿಗಬೇಕಲ್ಲ.

ಅಪ್‌ಲೋಡ್ ಆದ ಕೂಡಲೇ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ನಿಮ್ಮ ಪುಟವನ್ನು ನಿಮ್ಮದು ಮಾಡಿಕೊಳ್ಳಿ. ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಅಲ್ಲಿಂದ ಒಂದು ಹಾಡನ್ನು ಅವರ ಸಂಪಾದಕರಿಗೆ ಕಳಿಸಬಹುದು. ಇದಕ್ಕೆ ಪಿಚ್ ಅನ್ನುತ್ತಾರೆ. ಒಮ್ಮೆಗೆ ಒಂದೇ ಹಾಡು. ಅವರು ಪ್ಲೇಲಿಸ್ಟಿಗೆ ಹಾಕುತ್ತಾರೆ ಅಂತ ಭರವಸೆ ಇಲ್ಲ, ಆದರೆ ನಿಮ್ಮನ್ನು ಫಾಲೋ ಮಾಡುವವರಿಗೆ ಆ ಹಾಡು ತಲುಪುತ್ತದೆ. ಭಾಷೆ, ವಾದ್ಯ, ಊರು ಸ್ಪಷ್ಟವಾಗಿ ಬರೆಯಿರಿ. "ಚೆಂಡೆ ಮತ್ತು ಗಿಟಾರ್ ಇರುವ ತುಳು ಹಾಡು" ಅನ್ನುವುದು "ಹೃದಯಸ್ಪರ್ಶಿ ಸುಮಧುರ ಗೀತೆ" ಅನ್ನುವುದಕ್ಕಿಂತ ಸಾವಿರ ಪಾಲು ಒಳ್ಳೆಯದು.

"ಹತ್ತು ಸಾವಿರ ಸ್ಟ್ರೀಮ್ ಕೊಡಿಸುತ್ತೇವೆ, ಇಷ್ಟು ದುಡ್ಡು ಕೊಡಿ" ಅಂತ ಇನ್‌ಸ್ಟಾಗ್ರಾಂನಲ್ಲಿ ಬರುವವರನ್ನು ನಂಬಬೇಡಿ. ಅದು ಯಂತ್ರ ಕೇಳುವ ಸ್ಟ್ರೀಮ್. ಸಿಕ್ಕಿಬಿದ್ದರೆ ಹಾಡನ್ನೇ ತೆಗೆದುಹಾಕುತ್ತಾರೆ, ವಿತರಕರು ದಂಡವನ್ನೂ ನಿಮ್ಮ ಮೇಲೆ ಹಾಕಬಹುದು.

ಹಂತ 9: ಊರಿನ ಬಿಡುಗಡೆ

ಸಮಾರಂಭ ಬೇಕೇ ಬೇಕು ಅಂತಿಲ್ಲ. ಪುರಭವನ ತುಂಬಿಸುವ ಬದಲು ಕಾಲೇಜಿನ ಚಿಕ್ಕ ಸಭಾಂಗಣದಲ್ಲಿ ನೂರು ಜನರ ಎದುರು ಎಲ್ಲಾ ಹಾಡು ಹಾಡಿದರೆ ನನಗಂತೂ ಜಾಸ್ತಿ ಇಷ್ಟ. ಅತಿಥಿಗಳ ಭಾಷಣ ಕಡಿಮೆ ಇರಲಿ. ಬಯಲಲ್ಲಿ ಮಾಡುವುದಾದರೆ ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರ ಒಳಗೆ ಮುಗಿಸಬೇಕು. ಸಿಡಿ ಹಾಕುವ ಕಾರು ಈಗ ಅಪರೂಪ. ಕ್ಯೂಆರ್ ಕೋಡ್ ಇರುವ ಕಾರ್ಡ್ ಮಾಡಿಸಿ, ಹಿಂದೆ ಸಾಹಿತ್ಯ ಅಚ್ಚು ಹಾಕಿಸಿ. ವಯಸ್ಸಾದವರಿಗೆ ಪೆನ್‌ಡ್ರೈವ್ ಇಡಿ.

ರೇಡಿಯೋವನ್ನು ಬಿಡಬೇಡಿ. ಮಂಗಳೂರಿನ ಸಾರಂಗ್ 107.8, ಮಣಿಪಾಲದ ರೇಡಿಯೋ ಮಣಿಪಾಲ್ 90.4 ಸಮುದಾಯ ಬಾನುಲಿಗಳು, ಊರಿನವರ ಕೆಲಸಕ್ಕೆಂದೇ ಇರುವಂಥವು. ಹಾಡಿನ ಫೈಲ್, ಸಾಹಿತ್ಯ, ತಂಡದ ಬಗ್ಗೆ ಅರ್ಧ ಪುಟ ಕಳಿಸಿ. ಪತ್ರಿಕೆಗಳಿಗೆ ಕೊಡುವ ಟಿಪ್ಪಣಿಯಲ್ಲಿ ನುಡಿಸಿದವರ ಹೆಸರೂ ಇರಲಿ.

ಹಂತ 10: ಬಿಡುಗಡೆಯ ನಂತರದ ವಾರ

ಅದೇ ಬೆಳಿಗ್ಗೆ ಪ್ರತಿ ಆ್ಯಪ್ ತೆರೆದು ಎಲ್ಲಾ ಹಾಡು ಕೊನೆಯವರೆಗೆ ಕೇಳಿಸುತ್ತದಾ, ಕ್ರಮ ಸರಿ ಇದೆಯಾ, ಹೆಸರು ಸರಿ ಇದೆಯಾ ನೋಡಿ. ತಪ್ಪಿದ್ದರೆ ವಿತರಕರಿಗೆ ಅವತ್ತೇ ಬರೆಯಿರಿ. ತಿದ್ದಲು ಕೆಲವು ದಿನ ಹಿಡಿಯುತ್ತದೆ. ಸಾಹಿತಿ ಮತ್ತು ಸಂಯೋಜಕರು ಐಪಿಆರ್‌ಎಸ್‌ಗೆ ಸದಸ್ಯರಾಗಬಹುದು. 1969ರಲ್ಲಿ ಶುರುವಾದ ಈ ಸಂಸ್ಥೆ ರೇಡಿಯೋ, ಟಿವಿ, ವೇದಿಕೆಗಳಿಂದ ಅವರ ಪಾಲಿನ ರಾಯಲ್ಟಿ ಸಂಗ್ರಹಿಸುತ್ತದೆ. ಸದಸ್ಯರಾದ ಮೇಲೆ ಆಲ್ಬಂನ ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಬೇಕು, ಸುಮ್ನೆ ಸದಸ್ಯರಾದರೆ ಏನೂ ಬರುವುದಿಲ್ಲ.

ದುಡ್ಡಿನ ಆಸೆ ಮಿತಿಯಲ್ಲಿರಲಿ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಲೆಕ್ಕ. 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ಅವರು ರಾಯಲ್ಟಿ ಕೊಡುವುದಿಲ್ಲ. ಬರುವ ದುಡ್ಡೂ ಕೆಲವು ತಿಂಗಳು ತಡವಾಗಿಯೇ ಬರುತ್ತದೆ. ವರದಿ ಬಂದಾಗಲೆಲ್ಲ ಇಳಿಸಿಕೊಂಡು ನೋಟ್ ಪುಸ್ತಕದ ಆಯಾ ಹಾಡಿನ ಪುಟದಲ್ಲಿ ಬರೆಯಿರಿ, ಪಾಲಿನ ಮಾತು ಆಗಿದ್ದವರಿಗೆ ಮೊತ್ತ ನೂರು ರೂಪಾಯಿ ಆದರೂ ಲೆಕ್ಕದ ಜೊತೆ ಕಳಿಸಿ.